ಶೆಟ್ಟರ ಓರೆ ಕೋವಿಯ ಬೆಲೆ

ಕೋವಿಯನ್ನು ನಾನು ಒಮ್ಮೆಯೂ ಕೈಯಲ್ಲಿ ಹಿಡಿದವನಲ್ಲ. ಆದರೂ ಹಂಪನಕಟ್ಟೆಯ ಆಸುಪಾಸಿನಲ್ಲಿ ನನಗೆ ಕೋವಿ ಬಲ್ಲ ವಕೀಲನೆಂಬ ಹೆಸರು ಬಂದುಬಿಟ್ಟಿತ್ತು. ಯಾರದೋ ಲೈಸನ್ಸಿನ ಮೊಕದ್ದಮೆಯೊಂದನ್ನು ಗೆದ್ದುಕೊಟ್ಟದ್ದೇ ಅದಕ್ಕೆ ಕಾರಣ. ವಿಚಾರಣೆ ನಡೆದಷ್ಟು ಹೊತ್ತೂ ಆ ಕೋವಿ ಮೇಜಿನ ಒಂದು ತುದಿಯಲ್ಲಿ ಮಲಗಿತ್ತು, ನಾನು ಇನ್ನೊಂದು ತುದಿಯಲ್ಲಿ ನಿಂತಿದ್ದೆ. ಹೆಸರು ಬರುವಾಗ ಯೋಗ್ಯತೆ ವಿಚಾರಿಸಿಕೊಂಡು ಬರುವುದಿಲ್ಲ, ಬಂದಮೇಲೆ ಬೇಡವೆಂದರೆ ಹೋಗುವುದೂ ಇಲ್ಲ.

ಆ ಹೆಸರನ್ನು ನಂಬಿ ಬೋಳಾರದ ದೂಮಣ್ಣ ಶೆಟ್ಟರು ನನಗೆ ಹೇಳಿಕಳಿಸಿದರು. ತಮ್ಮ ರೈಫಲ್ಲನ್ನು ಮಾರಬೇಕಾಗಿದೆ, ಬೆಲೆ ಕಟ್ಟಿಕೊಡಬೇಕು ಎಂದು.

ಶೆಟ್ಟರಿಗೆ ಚಿಕ್ಕಂದಿನಲ್ಲಿ ಚಿನ್ನಿಕೋಲು ಆಡುವಾಗ ಪೆಟ್ಟು ಬಿದ್ದು ಬಲಗಣ್ಣು ಹೋಗಿತ್ತು. ಆದರೆ ಅವರು ಬಲಗೈಯವರು, ಕೋವಿ ಆನಿಸುವುದು ಬಲಭುಜಕ್ಕೇ. ನೋಡುವ ಕಣ್ಣು ಮಾತ್ರ ಎಡದ್ದು. ಹೀಗಾಗಿ ಯೌವನದಲ್ಲಿ ಮದ್ರಾಸಿನ ಒಂದು ಇಂಗ್ಲಿಷ್ ಅಂಗಡಿಗೆ ಮೈಯ ಅಳತೆ ಕಳಿಸಿ, ಒಂದು ರೈಫಲ್ ಮಾಡಿಸಿಕೊಂಡಿದ್ದರು. ಅದರ ಮರದ ಹಿಡಿಯನ್ನು ಓರೆಯಾಗಿ ಬಾಗಿಸಿದ್ದರು. ಬಲಭುಜಕ್ಕೆ ಇಟ್ಟರೆ ನಳಿಗೆ ನೇರವಾಗಿ ಎಡಗಣ್ಣಿನ ಮುಂದೆ ಬರುತ್ತಿತ್ತು. ನೋಡಿದರೆ, ಪಕ್ಕದವರ ಮಾತಿಗೆ ಕಿವಿ ಕೊಟ್ಟಂತೆ ಕಾಣುವ ಕೋವಿ. ಅದನ್ನು ಹಿಡಿದೇ ಅವರು ಎಷ್ಟೋ ವರ್ಷ ತಮ್ಮ ಮನೆತನದ ಗದ್ದೆಗಳಿಗೆ ಹಂದಿ ನುಗ್ಗದಂತೆ ಕಾದರು. ಈಗ ಎಡಗಣ್ಣೂ ಮಂಜಾಗಿತ್ತು. ಡಾಕ್ಟರು ತಮ್ಮಿಂದಾದದ್ದನ್ನು ಮಾಡಿ ಕೈಚೆಲ್ಲಿದ್ದರು. ಲೈಸನ್ಸ್ ನವೀಕರಿಸಲು ಹೋದಲ್ಲಿ ಯಾವನೋ ಅಧಿಕಾರಿ ‘ಕುರುಡನಿಗೆ ಕೋವಿ ಏಕೆ’ ಎಂದು ಕೇಳುವ ಮೊದಲು ತಾವೇ ಅದನ್ನು ಬಿಟ್ಟುಕೊಡುವುದೆಂದು ಶೆಟ್ಟರು ನಿಶ್ಚಯಿಸಿದ್ದರು.

ಕೊಳ್ಳುವವರು ಅದೇ ಬೀದಿಯ ಮರದ ವ್ಯಾಪಾರಿ ಮೊಯ್ದಿನಬ್ಬ ಹಾಜಿ. ಘಟ್ಟದ ಕಾಡುಗಳಲ್ಲಿ ದಿಮ್ಮಿ ನೋಡುತ್ತ ವಾರಗಟ್ಟಲೆ ಇರಬೇಕಾದ ಅವರಿಗೆ ಕೋವಿ ನಿಜಕ್ಕೂ ಬೇಕಿತ್ತು. ಇಬ್ಬರೂ ಬಹುಕಾಲದ ಗೆಳೆಯರು. ತೊಡಕು ಇದ್ದದ್ದೇ ಅಲ್ಲಿ. ಹಾಜಿಯವರು ಶೆಟ್ಟರು ಎಷ್ಟು ಕೇಳಿದರೂ ಅದಕ್ಕಿಂತ ಹೆಚ್ಚು ಕೊಡಲು ತಯಾರಾಗಿ ಬಂದಿದ್ದರು. ಶೆಟ್ಟರಿಗೆ ಅದರ ವಾಸನೆ ಹತ್ತಿತ್ತು. ಹೊಳೆಗೆ ಮುಖಮಾಡಿದ ತಮ್ಮ ಚಾವಡಿಯಲ್ಲಿ ಅವರು ನಮ್ಮಿಬ್ಬರನ್ನೂ ಕೂರಿಸಿಕೊಂಡರು.

“ಕನಿಕರದ ದುಡ್ಡು ನನಗೆ ಬೇಡ, ವಕೀಲ್ರೆ. ನ್ಯಾಯದ ಬೆಲೆ ಎಂತ ಉಂಟು, ಅದು ಹೇಳಿ,” ಎಂದರು.

ನಾನು ಗಂಭೀರವಾಗಿ ತಲೆಯಾಡಿಸಿದೆ. ಬೆಲೆ ಕಟ್ಟುವುದು ಅಪರಿಚಿತ ವಿದ್ಯೆಯೇನಲ್ಲ. ಗದ್ದೆಗೆ ಗೇಣಿ ನೋಡುತ್ತಾರೆ, ಎತ್ತಿಗೆ ಹಲ್ಲು ನೋಡುತ್ತಾರೆ, ಮನೆಗೆ ಬಾಡಿಗೆ ನೋಡುತ್ತಾರೆ. ಆದರೆ ಒಬ್ಬನ ಅಳತೆಗೆಂದೇ ಮಾಡಿದ ವಸ್ತುವಿಗೆ ಏನು ನೋಡುವುದು? ನನ್ನ ಕಪ್ಪು ಕೋಟನ್ನು ದರ್ಜಿ ಅಳತೆ ತೆಗೆದು ಹೊಲಿದ. ಆ ಅಳತೆಗೇ ನಾನು ಹೆಚ್ಚು ಮಜೂರಿ ಕೊಟ್ಟೆ. ನಾಳೆ ಮಾರಲು ಹೊರಟರೆ ನನ್ನ ಹೊಟ್ಟೆಯ ಸುತ್ತಳತೆಯೇ ಅದರ ದೊಡ್ಡ ದೋಷ. ಕನ್ನಡಕವೂ ಹಾಗೆ, ಕಟ್ಟಿಸಿದ ಹಲ್ಲೂ ಹಾಗೆ. ನಮಗೆ ಸರಿಯಾಗಿ ಒಪ್ಪಿದಷ್ಟೂ ಅದು ಲೋಕಕ್ಕೆ ಒಪ್ಪುವುದಿಲ್ಲ.

ಶೆಟ್ಟರ ವಾದವೂ ಇದೇ. ಎರಡು ಕಣ್ಣಿದ್ದವನಿಗೆ ಈ ಹಿಡಿ ಕೆಲಸಕ್ಕೆ ಬಾರದು, ಹೊಸ ಹಿಡಿ ಕೂರಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು ಎಂದು ತುಳುವಿನಲ್ಲಿ ಪಟ್ಟು ಹಿಡಿದರು. ಅಷ್ಟು ಒಳ್ಳೆಯ ಮರ ಈಗ ಎಲ್ಲಿ ಸಿಗುತ್ತದೆ, ಅದಕ್ಕೆ ಇನ್ನಷ್ಟು ಕೂಡಿಸಬೇಕು ಎಂದು ಹಾಜಿಯವರು. ಮಾರುವವನು ಇಳಿಸುವ, ಕೊಳ್ಳುವವನು ಏರಿಸುವ ಚೌಕಾಸಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ದನಿ ಏರಿತು. ಶೆಟ್ಟರ ಮುಖ ಕೆಂಪಾಯಿತು. ಕೋವಿಯ ಜೊತೆಗೆ ಸ್ನೇಹವೂ ಕೈಬಿಟ್ಟುಹೋಗುತ್ತದೆಂದು ನನಗೆ ಹೆದರಿಕೆಯಾಗಿ, ಒಮ್ಮೆ ಹಿಡಿದಾದರೂ ನೋಡಿ ಎಂದು ಹಾಜಿಯವರಿಗೆ ಹೇಳಿದೆ.

ಅವರು ಚಾವಡಿಯ ಅಂಚಿಗೆ ಹೋಗಿ, ತೋಟೆಯಿಲ್ಲದ ಕೋವಿಯನ್ನು ಭುಜಕ್ಕೇರಿಸಿ ಹೊಳೆಯತ್ತ ತಿರುಗಿಸಿದರು. ಕತ್ತನ್ನು ಆಚೆ ಈಚೆ ಹೊರಳಿಸಿದರು. ಗುರಿ ಸಿಗಲಿಲ್ಲ.

“ಬಲಗಣ್ಣು ಮುಚ್ಚಿ,” ಎಂದರು ಶೆಟ್ಟರು, ಕುಳಿತಲ್ಲಿಂದಲೇ.

ಹಾಜಿಯವರು ಮುಚ್ಚಿದರು. ನಳಿಗೆಯನ್ನು ಮೆಲ್ಲನೆ ಆಚೆ ದಡದ ಉದ್ದಕ್ಕೂ ಸರಿಸಿದರು. ಆಮೇಲೆ, “ಹೊಳೆಯಾಚೆ ಒಂದು ಬಗ್ಗಿದ ತೆಂಗು ಉಂಟು ಶೆಟ್ಟ್ರೇ. ಮೊನೆ ಸರಿಯಾಗಿ ಅದರ ಮೇಲೆ ನಿಂತಿದೆ,” ಎಂದರು.

“ಅದು ಇನ್ನೂ ಉಂಟಾ?” ಎಂದರು ಶೆಟ್ಟರು. “ಎರಡು ಮಳೆಗಾಲ ಆಯ್ತು ಮಾರಾಯ್ರೆ, ನಾನು ಅದನ್ನು ನೋಡದೆ. ಬಿದ್ದಿರಬೇಕು ಅಂತ ಮಾಡಿದ್ದೆ.”

ಹಾಜಿಯವರು ಕೋವಿ ಇಳಿಸಿದರು. “ಹಿಡಿ ಬದಲಿಸುದಿಲ್ಲ ನಾನು. ಮುಚ್ಚಲಿಕ್ಕೆ ನನಗೆ ಒಂದು ಕಣ್ಣು ಹೆಚ್ಚು ಉಂಟಲ್ಲ,” ಎಂದರು.

ಹಿಡಿ ಬದಲಿಸದ ಮೇಲೆ ಖರ್ಚು ಕಳೆಯುವ ಪ್ರಶ್ನೆ ಇಲ್ಲ. ಹಾಜಿಯವರು ಈ ಸಲ ಮರ ಕೊಳ್ಳಲು ಬಂದವರಲ್ಲವಾದ್ದರಿಂದ ಕೂಡಿಸುವ ಪ್ರಶ್ನೆಯೂ ಇಲ್ಲ. ಅಷ್ಟೇ ಬಳಕೆಯಾದ, ಅದೇ ಬಗೆಯ ನೆಟ್ಟಗಿನ ರೈಫಲ್ಲಿಗೆ ಏನು ಬೆಲೆಯೆಂದು ಅಂಗಡಿಯಲ್ಲಿ ವಿಚಾರಿಸಿ, ಅದನ್ನೇ ಇದಕ್ಕೂ ಹೇಳಿದೆ. ಓರೆಗೆಂದು ಒಂದಾಣೆ ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಇಬ್ಬರೂ ಗೊಣಗುತ್ತಲೇ ಒಪ್ಪಿದರು. ಸರಕಾರಿ ಕಾಗದಗಳನ್ನು ನಾನೇ ಮುಗಿಸಿಕೊಟ್ಟೆ.

ಕೆಲವು ತಿಂಗಳ ಮೇಲೆ ಬೋಳಾರಕ್ಕೆ ಹೋದಾಗ, ಶೆಟ್ಟರ ಚಾವಡಿಯಲ್ಲಿ ಹಾಜಿಯವರು ಕುಳಿತಿದ್ದರು. ಕೋವಿ ಶೆಟ್ಟರ ಮಡಿಲಲ್ಲಿತ್ತು. ಕಾಡಿನಿಂದ ಮರಳಿದಾಗಲೆಲ್ಲ ಹಾಜಿಯವರು ಅದನ್ನು ತರುತ್ತಾರಂತೆ. ಒರೆಸಿ ಎಣ್ಣೆ ಹಚ್ಚುವುದು ಶೆಟ್ಟರ ಕೆಲಸವಂತೆ. ಅವರ ಬೆರಳುಗಳು ನಳಿಗೆಯ ಮೇಲೆ ಎಲ್ಲೂ ತಡವರಿಸಲಿಲ್ಲ. ನನ್ನ ದನಿ ಕೇಳಿದ್ದೇ ತಡ, ಮಾರಿದವರು ಬೆಲೆ ಹೆಚ್ಚಾಯಿತೆಂದೂ ಕೊಂಡವರು ಕಡಮೆಯಾಯಿತೆಂದೂ ಒಟ್ಟಿಗೆ ನನ್ನನ್ನು ಬೈಯತೊಡಗಿದರು. ನನ್ನ ಇಡೀ ವಕೀಲಿಯಲ್ಲಿ ಅಷ್ಟು ಸಮತೂಕದ ತೀರ್ಪು ಇನ್ನೊಂದು ಬರಲಿಲ್ಲ.