ಒಂದು ಬೆರಳಿನ ಎತ್ತರ

ಹುರಿದ ಅಕ್ಕಿಯ ಹಿಟ್ಟಿಗೆ ಬಿಸಿ ಬೆಲ್ಲದ ಪಾಕ ಬಿದ್ದಾಗ ಏಳುವ ವಾಸನೆ ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರುತ್ತದೆ. ಕಿಕ್ಕೇರಿಯ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ, ಊರಮ್ಮನ ಆರತಿಯ ದಿನ, ಸೊಸೆ ತಂಬಿಟ್ಟು ಮಾಡುತ್ತಾಳೆ. ಆ ವಾಸನೆ ಬಂದಾಗಲೆಲ್ಲ ಬೂಕನಕೆರೆ ಕಡೆಯ ನನ್ನ ತವರುಮನೆ ನೆನಪಾಗುತ್ತದೆ. ಈಗ ಅಲ್ಲಿ ಮನೆಯಿಲ್ಲ. ಹಿತ್ತಲಿನ ಹುಣಸೆಮರವೂ ಇಲ್ಲ. ಅದಿದ್ದ ಜಾಗದಲ್ಲಿ ಯಾರದೋ ಟ್ರಾಕ್ಟರು ನಿಲ್ಲುತ್ತದೆ. ಆ ಮನೆಯಲ್ಲಿ ಅವ್ವ, ಅಣ್ಣ, ನಾನು ಮೂವರೇ ಇದ್ದೆವು. ಅಪ್ಪ ನಾನು ಹುಟ್ಟಿದ ವರ್ಷವೇ ತೀರಿಕೊಂಡಿದ್ದ. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಬರೆದು ಅಭ್ಯಾಸವಿಲ್ಲ. ಬಾಯಲ್ಲಿ ಹೇಳಬೇಕಾದ ಕಾಲದಲ್ಲಿ ಹೇಳದೆ ಹೋದದ್ದರಿಂದ ಈಗ ಬರೆಯುತ್ತಿದ್ದೇನೆ.

ಅಣ್ಣನ ಹೆಸರು ಸಿದ್ದಣ್ಣ. ಶ್ರೀರಂಗಪಟ್ಟಣದಲ್ಲಿ ಮಿಲಿಟರಿಗೆ ಆಳು ತೆಗೆದುಕೊಳ್ಳುತ್ತಾರೆಂದು ಕೇಳಿ ಬೆಳಿಗ್ಗೆ ಹೋದವನು ಸಂಜೆಯ ಬಸ್ಸಿಗೇ ವಾಪಸ್ಸು ಬಂದ. “ಒಂದ್ ಬೆರಳು ಕಮ್ಮಿಯಂತೆ ಕಣವ್ವ, ಬರೀ ಒಂದ್ ಬೆರಳು,” ಎಂದು ಜಗಲಿಯ ಮೇಲೆ ಕೂತ. ಅವ್ವನಿಗೆ ಸಂತೋಷ ಮುಚ್ಚಿಡಲು ಆಗಲಿಲ್ಲ. “ನಿಮ್ಮಪ್ಪ ಇದ್ದಿದ್ದೇ ಅಷ್ಟುದ್ದ ಕಣ್ಲಾ, ನೀನೆಲ್ಲಿಂದ ತತ್ತೀಯೆ? ಸುಮ್ಕೆ ಬಂದು ಉಣ್ಣು,” ಎಂದಳು. ಮಾರನೆಯ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಪಟ್ಟಲದಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಿದಳು. ಇನ್ನೊಂದು ಸಲ ಹೋದರೂ ಅವನನ್ನು ಹೀಗೇ ಹಿಂದಕ್ಕೆ ಕಳಿಸು ತಾಯಿ, ವರ್ಷ ವರ್ಷ ತಂಬಿಟ್ಟಿನ ಆರತಿ ಹೊರುತ್ತೇನೆ ಎಂದು ಹರಕೆ ಕಟ್ಟಿಕೊಂಡಳು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ.

ಕೊಂಬೆಗೆ ಜೋತುಬಿದ್ದರೆ ಮೈ ಉದ್ದವಾಗುತ್ತದೆಂದು ಅಣ್ಣನಿಗೆ ಯಾರೋ ಹೇಳಿದ್ದರು. ಅವ್ವ ಕಳೆ ಕೀಳಲು ಹೋದ ಮೇಲೆ ಅವನು ಹುಣಸೆಮರದ ಕೊಂಬೆ ಹಿಡಿದು ನೇತಾಡುವನು. ನಾನು ಕೆಳಗೆ ನಿಂತು ಅವನ ಕಾಲು ಎಳೆಯಬೇಕು. ಗದ್ದೆಯ ಕೆಸರು ಒಣಗಿ ಬಿರುಕು ಬಿಟ್ಟ ಕಾಲುಗಳು. ಪಾದದ ಮೇಲಿನ ಹರಡನ್ನು ಎರಡೂ ಕೈಯಲ್ಲಿ ಹಿಡಿದರೆ ಬೆಚ್ಚಗಿರುತ್ತಿತ್ತು. “ಎಳಿಯಮ್ಮೀ, ಕೂಳು ತಿಂದಿಲ್ವಾ?” ಎಂದು ಮೇಲಿನಿಂದ ರೇಗಿಸುತ್ತಿದ್ದ. ನಾನು ಸುಮ್ಮನೆ ಎಳೆಯುವವಳಲ್ಲ. “ರೈಲು ತೋರಿಸ್ತೀಯಾ?” ಎಂದು ಕೇಳಿದ್ದೆ. ಅಲ್ಲಿಯವರೆಗೆ ನಾನು ರೈಲು ಕಂಡಿರಲಿಲ್ಲ. “ಪಾಂಡವಪುರಕ್ಕೆ ಕರ್ಕೊಂಡೋಗಿ ತೋರಿಸ್ತೀನಿ, ಮದ್ಲು ಎಳಿ,” ಎಂದ. ಒಮ್ಮೆ ಅವ್ವ ಬೇಗ ಬಂದು ನೋಡಿದಳು. “ಅದೇನ್ಲಾ ಅದು, ಕಪಿಗಳಂಗೆ?” ಎಂದಳು. “ಉಯ್ಯಾಲೆ ಆಡ್ತಾವಿ ಕಣವ್ವ,” ಎಂದೆ ನಾನು.

ಮುಂದಿನ ಸಲ ಅಳತೆ ಸರಿಹೋಗಿ ಅವನನ್ನು ತೆಗೆದುಕೊಂಡರು. ಹೊರಡುವ ದಿನ ಮಾತು ತಪ್ಪದೆ ನನ್ನನ್ನೂ ಪಾಂಡವಪುರದ ಸ್ಟೇಷನ್ನಿಗೆ ಕರೆದುಕೊಂಡು ಹೋದ. ನಾನು ನೋಡಿದ ಮೊದಲ ರೈಲು ಅದು. ಅಣ್ಣ ಕಿಟಕಿಯಿಂದ ಕೈಬೀಸುತ್ತಿದ್ದನಂತೆ. ಅವ್ವ ಆಮೇಲೆ ಹೇಳಿದಳು. ನಾನು ಇಂಜಿನ್ನಿನ ಹೊಗೆ ನೋಡುತ್ತಿದ್ದೆ.

ತರಬೇತಿ ಮುಗಿಯುವಷ್ಟರಲ್ಲಿ ಬಾಂಗ್ಲಾ ಯುದ್ಧ ಶುರುವಾಯಿತು. ಅವನಿದ್ದದ್ದು ಉತ್ತರದಲ್ಲಿ, ಪಾಕಿಸ್ತಾನದ ಗಡಿಯ ಕಡೆ. ಸತ್ತ ಸುದ್ದಿ ತಂತಿಯಲ್ಲಿ ಬಂತು, ಹೆಣ ಬರಲಿಲ್ಲ. ಅವನ ಜೊತೆ ಮಿಲಿಟರಿಗೆ ಸೇರಿದ್ದ ದೇವಲಾಪುರದ ಹುಡುಗನೊಬ್ಬ ಮುಂದಿನ ಬೇಸಿಗೆಯಲ್ಲಿ ಅವನ ಟ್ರಂಕು ಹೊತ್ತು ತಂದ. “ನಲ್ಲಿ ತಾವ ಬಟ್ಟೆ ಒಗೀತಿದ್ದ ಕಣವ್ವ. ಇಮಾನ ಬಂತು ಅಂತ ಸೈರನ್ ಕೂಗ್ತು, ನಾವೆಲ್ಲ ಗುಂಡಿಗೆ ಓಡಿದೊ. ಅವ್ನು ಬರೋದ್ರೊಳಗೆ ಬಾಂಬು ಬಿದ್ಬುಡ್ತು.” ಅವ್ವ, “ಉಂಡಿದ್ನಾ?” ಎಂದು ಕೇಳಿದಳು. “ಉಂಡಿದ್ದ ಕಣವ್ವ,” ಎಂದ ಹುಡುಗ. ಅವನಿಗೆ ಗೊತ್ತಿರಲಿಲ್ಲವೆಂದು ನನಗೆ ಅನ್ನಿಸಿತು.

ಆ ವರ್ಷದಿಂದ ಅವ್ವ ಪಟ್ಟಲದಮ್ಮನ ಗುಡಿಯ ಮೆಟ್ಟಿಲು ಹತ್ತಲಿಲ್ಲ. ನಮ್ಮ ಮನೆಯಲ್ಲಿ ತಂಬಿಟ್ಟಿನ ವಾಸನೆ ನಿಂತುಹೋಯಿತು. ಆರತಿಯ ದಿನ ಬೀದಿಯವರೆಲ್ಲ ದೀಪ ಹೊತ್ತು ಹೋಗುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದಳು. “ದ್ಯಾವ್ರ ಮ್ಯಾಲೆ ಮುನಿಸ್ಕಂಡ್ರೆ ಆದದಾ, ಬಾರಕ್ಕ,” ಎಂದು ಪಕ್ಕದ ಮನೆಯವಳು ಕರೆದರೆ, “ಒಂದ್ ಬೆರಳು ಕಾಯಕ್ಕಾಗ್ಲಿಲ್ಲ ಅವ್ಳ ಕೈಲಿ. ಅವ್ಳ್ಯಾಕೆ ನಂಗೆ?” ಎನ್ನುತ್ತಿದ್ದಳು. ನನ್ನನ್ನೂ ಎಷ್ಟೋ ಸಲ ಕೇಳಿದ್ದಾಳೆ: “ಎಂಗಮ್ಮೀ ಬೆಳ್ದ ಅವ್ನು?” ಪ್ರತಿ ಸಲವೂ ಗೊತ್ತಿಲ್ಲ ಎಂದೆ. ಮದುವೆಯಾಗಿ ಮಕ್ಕಳಾದ ಮೇಲೂ ಹಾಗೇ ಅಂದೆ. ಕೊನೆಗಾಲದಲ್ಲಿ ಯಾರೋ ಗುಡಿಯಿಂದ ಕುಂಕುಮ ತಂದಾಗ ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಅವಳ ಕಾಲ ಹತ್ತಿರವೇ ಕೂತಿದ್ದೆ. ಅವನ ಕಾಲು ಎಳೆದದ್ದನ್ನು ಆಗಲೂ ಹೇಳಲಿಲ್ಲ. ನನ್ನ ಬಗ್ಗೆ ಅವಳಿಗಿದ್ದ ಪ್ರೀತಿ ಉಳಿಯಲೆಂದು ಅವಳ ದೇವರನ್ನು ಕಸಿದುಕೊಂಡೆ.

ಜೋತುಬಿದ್ದರೆ ಯಾರೂ ಉದ್ದವಾಗುವುದಿಲ್ಲ, ಯುದ್ಧ ಬರುತ್ತದೆಂದು ಅಳತೆಯಲ್ಲಿ ಸಡಿಲ ಬಿಟ್ಟಿರುತ್ತಾರೆ ಎನ್ನುತ್ತಾನೆ, ಈಗ ಕೇಳಿದರೆ, ನನ್ನ ಮೊಮ್ಮಗ. ಇರಬಹುದು. ಆ ಮಾತು ಅವ್ವನಿಗೂ ಸಿಗಬೇಕಾಗಿತ್ತು.

ಸೊಸೆ ಪ್ರತಿ ವರ್ಷ ಆರತಿಗೆ ಗುಡಿಗೆ ಕರೆಯುತ್ತಾಳೆ. ಮಂಡಿ ನೋವು, ನೀನೇ ಹೋಗಿ ಬಾ ಎನ್ನುತ್ತೇನೆ. ಇಲ್ಲಿಯ ಅಮ್ಮನೂ ತವರೂರಿನ ಪಟ್ಟಲದಮ್ಮನೂ ಅಕ್ಕತಂಗಿಯರೆಂದು ನಮ್ಮ ಕಡೆ ನಂಬಿಕೆ. ಅಂದು ಕಾಲು ಎಳೆದವರು ಯಾರೆಂದು ಈ ಅಮ್ಮನಿಗೂ ತಿಳಿದಿರುತ್ತದೆ. ತಂಬಿಟ್ಟನ್ನು ಮಾತ್ರ ನಾನೇ ಕಟ್ಟಿಕೊಡುತ್ತೇನೆ. ಪಾಕದ ಬಿಸಿ ಆರುವ ಮೊದಲೇ ಎರಡೂ ಕೈಯಲ್ಲಿ ಅದುಮಿ ಹಿಡಿಯಬೇಕು, ಇಲ್ಲದಿದ್ದರೆ ಉಂಡೆ ನಿಲ್ಲುವುದಿಲ್ಲ. ಅಂಗೈಗೆ ತಾಗುವ ಆ ಬೆಚ್ಚನೆಯ ಬಿಸುಪು ನನಗೆ ಹಳೆಯ ಪರಿಚಯ. ಸ್ವಲ್ಪ ಹೊತ್ತು ಹಾಗೇ ಹಿಡಿದಿರುತ್ತೇನೆ. ಆಮೇಲೆ ತಟ್ಟೆಯಲ್ಲಿಟ್ಟು ಕೈ ಬಿಡುತ್ತೇನೆ.