ಒದ್ದೆಯಾದ ಹತ್ತಿ

ಕಡಲೆಕಾಯಿ ಗಿಡಕ್ಕೆ ಹೊರಗಿನ ಜೀನ್ ಸೇರಿಸುವುದು ದೊಡ್ಡ ವಿಜ್ಞಾನ ಎಂದು ಹೊರಗಿನವರು ತಿಳಿದಿರುತ್ತಾರೆ. ಮಧುಗಿರಿಯ ನಮ್ಮ ಕಾಲೇಜಿನಲ್ಲಿ ಅದು ಮುಕ್ಕಾಲು ಪಾಲು ಬಾಟಲಿ ತೊಳೆಯುವ ಕೆಲಸ. ಬೀಜದ ಚೂರುಗಳನ್ನು ಜೀನ್ ಹೊತ್ತ ಬ್ಯಾಕ್ಟೀರಿಯಾದಲ್ಲಿ ನೆನೆಸಿ, ಆ್ಯಂಟಿಬಯೋಟಿಕ್ ಬೆರೆಸಿದ ಜೆಲ್ಲಿಯ ಮೇಲೆ ಬಾಟಲಿಯೊಳಗೆ ಬೆಳೆಸುತ್ತಿದ್ದೆವು. ಜೀನ್ ಸೇರದ ಚಿಗುರು ಆ ಮದ್ದನ್ನು ತಾಳದೆ ಬಿಳಿಚಿಕೊಂಡು ಸಾಯುತ್ತದೆ. ಸೇರಿದ್ದು ಹಸಿರಾಗಿ ಉಳಿಯುತ್ತದೆ. ಬಾಟಲಿಯ ಬಾಯಿಗೆ ಹತ್ತಿಯ ಬಿರಡೆ. ಒಣಗಿದ್ದರೆ ಬೂಷ್ಟನ್ನು ತಡೆಯುತ್ತದೆ. ಒದ್ದೆಯಾದರೆ ಬೂಷ್ಟು ಅದರ ಮೂಲಕವೇ ಒಳಗಿಳಿಯುತ್ತದೆ. ಇದು ನಮಗೆ ಕಲಿಸಿದ ಮೊದಲ ಪಾಠ. ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ನನ್ನ ಗೆಳತಿಯ ಊರು ತಿರುಮಣಿಯ ಕಡೆ. ಇಡೀ ತರಗತಿಯಲ್ಲಿ ಹಸಿರು ಚಿಗುರು ಉಳಿದಿದ್ದದ್ದು ಅವಳ ಬಾಟಲಿಗಳಲ್ಲಿ ಮಾತ್ರ, ಅದೂ ಮೂರೇ. ಅವು ಇನ್ನಷ್ಟು ಬೆಳೆದು, ಎಲೆಯ ಪರೀಕ್ಷೆಯಲ್ಲಿ ಜೀನ್ ಸೇರಿದ ಗುರುತಾದ ನೀಲಿ ಬಣ್ಣ ಬಂದರೆ ತಮಗೆ ಪರಿಚಯದ ಸಂಶೋಧನಾಲಯಕ್ಕೆ ಅವಳನ್ನು ಕಳಿಸುವುದಾಗಿ ಲ್ಯಾಬ್ ನೋಡಿಕೊಳ್ಳುವ ಮೇಡಂ ಮಾತು ಕೊಟ್ಟಿದ್ದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಲ್ಯಾಬಿನಲ್ಲಿ ಪ್ರತಿ ವರ್ಷವೂ ಮೈಕ್ರೋಸ್ಕೋಪಿಗೆ ವಿಭೂತಿ, ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಚೆಂಡುಹೂವಿನ ಹಾರ. ಈ ಸಲ ಬಾಟಲಿಗಳನ್ನೂ ಸಾಲಾಗಿ ಇಡೋಣ ಎಂದ, ಪೂಜೆ ಮಾಡಲು ನಿಂತಿದ್ದ ಸಹಪಾಠಿ.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ಬಾಯಿ ನನ್ನದು, ಸುಮ್ಮನಿರಲಿಲ್ಲ. “ಮಿಷನ್‌ಗೆ ಮಾಡ್ಕೊ. ಬಾಟ್ಲಿ ಯಾಕೆ? ಅದೇನ್ ಆಯುಧಾನಾ?”

“ಬಂದ್ಬುಟ್ಳಪ್ಪ ಲಾಯರಮ್ಮ! ನಿನ್ ಬಾಟ್ಲೀಲಿ ಎಲ್ಲಾ ಸತ್ತೋಗದೆ. ದೇವ್ರಾದ್ರೂ ನೋಡ್ಲಿ ಬುಡು.”

ಎಲ್ಲರೂ ನಕ್ಕರು, ಮೇಡಂ ಕೂಡ.

“ನಿನ್ನವು ಇಡ್ಬೇಡ ಕಣೇ” ಎಂದು ಗೆಳತಿಯ ಕಿವಿಯಲ್ಲಿ ಹೇಳಿದೆ. ಅವಳ ಮನೆಯವರು ಬೌದ್ಧರು, ಪೂಜೆ ಬಿಟ್ಟವರು. ಅದು ತರಗತಿಗೆಲ್ಲ ಗೊತ್ತು. ಅವಳ ಜಾತಿಯೂ ಗೊತ್ತು. ಅವಳು ನನ್ನ ಮಾತು ಕೇಳಿಸದವಳಂತೆ ಟ್ರೇಯನ್ನು ತಾನೇ ತಂದು ಸಾಲಿನ ಕೊನೆಯಲ್ಲಿಟ್ಟಳು.

ಮಂಗಳಾರತಿಯಾದ ಮೇಲೆ ಅವನು ಮಾವಿನೆಲೆಯನ್ನು ತೀರ್ಥಕ್ಕೆ ಅದ್ದಿ ಎಲ್ಲದರ ಮೇಲೂ ಚಿಮುಕಿಸಿದ.

“ಲೋ, ಹತ್ತಿ ಮೇಲ್ ಬೇಡ ಕಣ್ಲಾ!” ಎಂದು ಕೂಗಿದೆ.

“ನಾಕ್ ಹನಿಗೆ ಏನಾಗ್ತದೆ?” ಎಂದವನು ಇನ್ನೊಮ್ಮೆ ಅದ್ದಿ ಎರಚಿದ.

“ಬಿರಡೆ ಬದಲಾಯ್ಸೇ, ಈಗ್ಲೇ” ಎಂದೆ ಅವಳಿಗೆ.

“ಎಲ್ರ ಮುಂದೇನಾ? ತೀರ್ಥ ಬಿದ್ದಿದ್ನ ನಾನು ತೆಗ್ದು ಕಸದ ಬುಟ್ಟಿಗ್ ಹಾಕ್ಲಾ?”

ಅವರೆಲ್ಲ ಹೋದ ಮೇಲೆ ಬದಲಾಯಿಸೋಣ ಎಂದುಕೊಂಡೆವು. ಆದರೆ ಪೂಜೆಗಿಟ್ಟದ್ದನ್ನು ವಿಜಯದಶಮಿ ಕಳೆಯುವವರೆಗೆ ಮುಟ್ಟಬಾರದಂತೆ. ಮೇಡಂ ಅಲ್ಲೇ ನಿಂತು ಬೀಗ ಹಾಕಿಸಿದರು.

ರಜೆ ಮುಗಿದು ಬಾಗಿಲು ತೆರೆದಾಗ ಬಾಟಲಿಗಳೊಳಗೆ ಬೂದುಬಣ್ಣದ ಅರಳೆ ತುಂಬಿಕೊಂಡಂತಿತ್ತು. ಪೂಜೆಗಿಟ್ಟ ಯಾರ ಬಾಟಲಿಯನ್ನೂ ಬೂಷ್ಟು ಬಿಟ್ಟಿರಲಿಲ್ಲ. ಕಳೆದುಕೊಳ್ಳಲು ಏನಾದರೂ ಇದ್ದದ್ದು ಮಾತ್ರ ಅವಳೊಬ್ಬಳಿಗೆ. ಒಂದು ಚಿಗುರನ್ನಾದರೂ ತೊಳೆದು ನೋಡುತ್ತೇನೆಂದು ಕೇಳಿಕೊಂಡಳು. ಮೇಡಂ ಒಪ್ಪಲಿಲ್ಲ. ಜೀನ್ ಬದಲಾದ ಗಿಡವನ್ನು ಹಬೆಯಲ್ಲಿ ಕೊಂದೇ ಎಸೆಯಬೇಕೆಂಬುದು ನಿಯಮ. ಆಟೋಕ್ಲೇವಿನ ಮುಚ್ಚಳವನ್ನು ಅವಳೇ ಬಿಗಿದಳು. ಹಾರ ಇನ್ನೂ ಅದರ ಮೇಲಿತ್ತು, ಒಣಗಿತ್ತು.

ಬೂಷ್ಟು ಬರಲು ನೂರು ದಾರಿ, ತೀರ್ಥವನ್ನೇ ಯಾಕೆ ದೂರಬೇಕು ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿಕೊಂಡೆ. ನನ್ನದೊಂದು ಬಾಟಲಿ ಪೂಜೆಗೆ ಬಾರದೆ ಅದೇ ಕೋಣೆಯ ಕಪಾಟಿನಲ್ಲಿ ಉಳಿದಿತ್ತು. ಒಳಗೆ ಸತ್ತ ಬಿಳಿ ಚಿಗುರು; ಬೂಷ್ಟಿನ ಚುಕ್ಕೆಯೂ ಇಲ್ಲ. ಒಂದೇ ಬಾಟಲಿ ಪುರಾವೆಯಾಗದು, ಒಪ್ಪುತ್ತೇನೆ. ಆದರೂ ಅದನ್ನು ಮೇಡಂ ಮುಂದಿಟ್ಟೆ; ಅದನ್ನೂ ಆಟೋಕ್ಲೇವಿಗೆ ಹಾಕು ಎಂದರು.

ವೈವಾ ದಿನ ಎಲ್ಲರೂ ಒಂದೇ ಕೊಠಡಿಯಲ್ಲಿದ್ದೆವು. ಹೊರಗಿನಿಂದ ಬಂದ ಪರೀಕ್ಷಕರು ಬೂಷ್ಟು ಹೇಗೆ ಬಂತೆಂದು ಅವಳನ್ನು ಕೇಳಿದರು. ನಾನು ಎದ್ದು ನಿಂತೆ. ಅವಳು ನನ್ನತ್ತ ನೋಡದೆಯೇ ಹೇಳಿದಳು: “ನನ್ನ ಕೈತಪ್ಪು ಸರ್.”

“ಸ್ವಚ್ಛತೆ ಕಲೀಬೇಕಮ್ಮ ನೀನು” ಎಂದರು ಅವರು. ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು.

ಹೊರಗೆ ಬಂದು ಅವಳ ಮೇಲೆ ರೇಗಿದೆ. “ಯಾಕೇ ಸುಳ್ಳು ಹೇಳ್ದೆ?”

“ನೀನ್ ಹೇಳಿದ್ರೆ ತಲೆಹರಟೆ ಅಂತಾರೆ ಕಣೇ. ನಾನ್ ಹೇಳಿದ್ರೆ, ಇವ್ರೇ ಇಂಗೆ ಅಂತಾರೆ. ರೆಕಾರ್ಡ್‌ಗೆ ಮೇಡಂ ಸೈನ್ ಬೇರೆ ಇನ್ನೂ ಆಗಿಲ್ಲ.”

ಮೇಡಂ ಸಹಿ ಮಾಡಿದರು. ಸಂಶೋಧನಾಲಯಕ್ಕೆ ಮಾತ್ರ ಆ ವರ್ಷ ಯಾರನ್ನೂ ಕಳಿಸಲಿಲ್ಲ. ಕಳಿಸುವಂಥ ಫಲಿತಾಂಶ ಯಾರದೂ ಇರಲಿಲ್ಲವಂತೆ.