ನಾನು ಬೆಸೆದ ಹಾಲಿನ ಸ್ಟ್ಯಾಂಡು

ಕೋಲಾರದಿಂದ ಕ್ಯಾಲನೂರಿಗೆ ಬರುವ ರಸ್ತೆಯ ಪಕ್ಕದಲ್ಲಿ ನನ್ನ ವೆಲ್ಡಿಂಗ್ ಅಂಗಡಿ ಇದೆ. ಹಿಂದುಗಡೆಯೇ ಮನೆ. ಗೇಟು, ಕಿಟಕಿ, ಟ್ರ್ಯಾಕ್ಟರಿನ ಮುರಿದ ಕೊಂಡಿ, ಇವೇ ನನ್ನ ನಿತ್ಯದ ಕೆಲಸ. ಬೈಕಿಗೆ ಸ್ಟ್ಯಾಂಡು, ಗಾರ್ಡು ಮಾಡಿಕೊಡುವುದನ್ನು ನಾನಾಗಿಯೇ ಕಲಿತೆ. ಗಾಡಿಯ ಪಕ್ಕ ಕಬ್ಬಿಣ ಹಿಡಿದು ನೋಡುವುದು, ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಕತ್ತರಿಸಿ ಬೆಸೆಯುವುದು. ಸರಿ ಅಂತ ಹೇಳುವವರೂ ಇರಲಿಲ್ಲ, ತಪ್ಪು ಅಂತ ಹೇಳುವವರೂ ಇರಲಿಲ್ಲ.

ಪಕ್ಕದ ಹಳ್ಳಿಯವರೊಬ್ಬರು ದಿನಾ ಬೆಳಿಗ್ಗೆ ಕೋಲಾರದ ಹೋಟೆಲುಗಳಿಗೆ ಬೈಕಿನಲ್ಲಿ ಹಾಲು ಒಯ್ಯುತ್ತಿದ್ದರು. ದಾರಿಯಲ್ಲಿ ನಮ್ಮ ಮನೆಗೂ ಅರ್ಧ ಲೀಟರ್ ಹಾಕಿ ಹೋಗುತ್ತಿದ್ದರು. ಐವತ್ತರ ಆಸುಪಾಸಿನ, ಬೆನ್ನುನೋವಿನ ಮನುಷ್ಯ. ಎರಡೂ ಬದಿಗೆ ಎರಡೆರಡು ಕ್ಯಾನು ಕೂರುವಂಥ ಸ್ಟ್ಯಾಂಡು ಬೇಕೆಂದು ಅಂಗಡಿಗೆ ಬಂದರು.

"ಇನ್ನೂ ಸ್ವಲ್ಪ ಕೆಳಕ್ಕೆ ಇಳಿಸಪ್ಪ. ತುಂಬಿದ ಕ್ಯಾನು ಎತ್ತಿ ಇಡೋಷ್ಟರಲ್ಲಿ ಸೊಂಟ ಬಿದ್ದೋಗ್ತದೆ" ಅಂದರು.

"ತೀರಾ ಕೆಳಗಾಯ್ತದೆ ಅಣ್ಣಾ. ತಿರುವಲ್ಲಿ ವಾಲಿಸಿದ್ರೆ ನೆಲ ತಾಗ್ತದೆ."

"ನಾನೇನು ರೇಸಿಗೆ ಹೋಗ್ತೀನಾ? ಇಳಿಸು."

ನಾಲ್ಕು ಬೆರಳು ಇಳಿಸಿದೆ. ಸ್ಟ್ಯಾಂಡಿನ ಕಬ್ಬಿಣದ ಕೊಳವೆಗಳ ತುದಿಗೆ ಮುಚ್ಚಳ ಬೆಸೆಯುವುದು ಬಾಕಿ ಇರುವಾಗ ಕರೆಂಟು ಹೋಯಿತು. ಹಾಗೇ ಕಳಿಸಿಬಿಟ್ಟೆ. ಮಾರನೇ ದಿನದಿಂದ ಆ ಸ್ಟ್ಯಾಂಡು ಕೂಗಲು ಶುರು ಮಾಡಿತು. ಗಾಡಿ ವೇಗ ಹಿಡಿದರೆ ತೆರೆದ ಕೊಳವೆಗೆ ಗಾಳಿ ಹೊಕ್ಕು, ಖಾಲಿ ಸೀಸೆಯ ಬಾಯಿಗೆ ಊದಿದ ಹಾಗೆ ಊಂ ಎಂಬ ಸದ್ದು. ದೂರದಲ್ಲಿ ಅದು ಕೇಳಿಸಿದರೆ ಸಾಕು, ನನ್ನ ಹೆಂಡತಿ ಪಾತ್ರೆ ಹಿಡಿದು ಬಾಗಿಲಿಗೆ ಬರುತ್ತಿದ್ದಳು. "ಹಾರ್ನ್ ಖರ್ಚು ಉಳೀತು" ಎಂದು ಅವರು ನಗುತ್ತಿದ್ದರು.

ಎರಡನೇ ಚಳಿಗಾಲದಲ್ಲಿ ಕೆರೆ ಏರಿಯ ತಿರುವಿನಲ್ಲಿ ಅವರು ಬಿದ್ದರು. ಎದುರಿಗೆ ಯಾವ ಗಾಡಿಯೂ ಬಂದಿರಲಿಲ್ಲವಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ತಿಥಿ ಮುಗಿದ ಮೇಲೆ ವಿಮಾ ಕಂಪನಿಯ ಸರ್ವೇಯರ್ ಒಬ್ಬರು ಅಂಗಡಿಗೆ ಬಂದು, ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. "ಈ ಸ್ಟ್ಯಾಂಡ್ ನೀವು ಮಾಡಿದ್ದಾ?"

ನನ್ನ ಬೆಸುಗೆಯ ಗುರುತು ನನಗೆ ಸಿಗದೇ ಇರುತ್ತದೆಯೇ? ಬಾಯಿ ಮಾತ್ರ, "ಇಲ್ಲ ಸಾರ್, ಎಲ್ಲೋ ಹೊರಗಡೆ ಮಾಡ್ಸಿರ್ಬೇಕು" ಅಂದಿತು. ಅವರು ಬರೆದುಕೊಂಡು ಹೋದರು.

ಆಮೇಲೆ ಮನಸ್ಸು ತಡೆಯಲಿಲ್ಲ. ಒಂದು ಮಧ್ಯಾಹ್ನ ಪೊಲೀಸ್ ಸ್ಟೇಷನ್ನಿನ ಹಿಂದೆ, ಕೇಸಿನ ಗಾಡಿಗಳನ್ನು ನಿಲ್ಲಿಸುವ ಬಯಲಿಗೆ ಹೋದೆ. ಚಳಿಗಾಲವಾದರೂ ಸುಡು ಬಿಸಿಲು. ಮೊಣಕಾಲೆತ್ತರದ ಹುಲ್ಲಿನಲ್ಲಿ ಆ ಬೈಕು ಒರಗಿ ನಿಂತಿತ್ತು. ಬಗ್ಗಿ ನೋಡಿದೆ. ಸ್ಟ್ಯಾಂಡಿನ ಎಡಗಡೆಯ ಕೆಳಮೂಲೆ ರಸ್ತೆಗೆ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಗಾಡಿ ವಾಲಿದಾಗ ಮೊದಲು ನೆಲ ತಾಗಿದ್ದು ಅದೇ. ಹಿಂದಿನ ಚಕ್ರವನ್ನು ಎತ್ತಿಹಾಕಿದ್ದೂ ಅದೇ. ಆಗ ಸದ್ದು ಬಂತು. ಊಂ. ಹುಲ್ಲಿನ ಒಂದು ಎಸಳೂ ಅಲುಗುತ್ತಿರಲಿಲ್ಲ. ಕೊಳವೆಯ ಬಾಯಿಗೆ ಅಂಗೈ ಒತ್ತಿದೆ. ಸದ್ದು ನಿಂತಿತು. ಅಂಗೈಗೆ ಮಾತ್ರ ಬೆಚ್ಚಗೆ ಏನೋ ತಾಗಿದಂತಾಯಿತು. ಬಿಸಿಲಿಗೆ ಕಾದ ಕಬ್ಬಿಣ ಎಂದುಕೊಂಡು ತಿರುಗಿ ನೋಡದೆ ಬಂದೆ.

ತಿಂಗಳು ಕಳೆದಿರಬಹುದು. ಒಂದು ಬೆಳಿಗ್ಗೆ ದಟ್ಟ ಮಂಜು. ನಾನು ಹಲ್ಲುಜ್ಜುತ್ತಿದ್ದೆ. ಹೆಂಡತಿ ಒಳಗಿನಿಂದ ಪಾತ್ರೆ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ನಿಮಗೂ ಕೇಳಿಸ್ತಾ?" ಅಂದಳು.

ಕೇಳಿಸಿತ್ತು. ಸದ್ದು ರಸ್ತೆಯಲ್ಲಿ ಹತ್ತಿರ ಬಂತು, ನಮ್ಮ ಮನೆಯ ಮುಂದೆ ಕೊಂಚ ಇಳಿಯಿತು, ಮತ್ತೆ ಏರಿ ಕೋಲಾರದ ಕಡೆಗೆ ಹೋಯಿತು. ಮಂಜಿನಲ್ಲಿ ಗಾಡಿ ಕಾಣಲಿಲ್ಲ. ಮಾರನೆಯ ದಿನವೂ ಹೀಗೇ ಆಯಿತು, ಅದರ ಮಾರನೆಯ ದಿನವೂ. ಹೆಂಡತಿ ಹಾಲಿನ ಪಾತ್ರೆಯನ್ನು ತೊಳೆದು ಅಟ್ಟದ ಮೇಲಿಟ್ಟಳು.

ಹತ್ತನೆಯ ದಿನ ಮಂಜಿರಲಿಲ್ಲ. ಸದ್ದು ಕೇಳಿದ್ದೇ ರಸ್ತೆಗೆ ಓಡಿದೆ. ಹಾಲಿನ ಕ್ಯಾನುಗಳನ್ನು ಹೊತ್ತ ಬೇರೊಂದು ಬೈಕು, ಅದಕ್ಕೆ ನನ್ನದೇ ಸ್ಟ್ಯಾಂಡು. ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಓಡಿಸುತ್ತಿದ್ದವನು ತೀರಿಕೊಂಡವರ ಬಾಮೈದ. ದೇವರಾಯಸಮುದ್ರದ ಕಡೆಯವನು, ಅಕ್ಕನ ಮನೆಯ ಹಾಲಿನ ವ್ಯಾಪಾರ ನೋಡಿಕೊಳ್ಳಲು ಬಂದಿದ್ದ. ಸ್ಟೇಷನ್ನಿನಿಂದ ಗಾಡಿ ಬಿಟ್ಟುಕೊಟ್ಟ ಮೇಲೆ ಸ್ಟ್ಯಾಂಡು ಬಿಚ್ಚಿ, ತಟ್ಟಿ ನೇರ ಮಾಡಿ, ತನ್ನ ಬೈಕಿಗೆ ಹಾಕಿಸಿಕೊಂಡಿದ್ದ.

"ಇದನ್ನ ಹಾಕ್ಕೊಂಡು ಓಡಿಸ್ಬೇಡಪ್ಪಾ. ಬಿಚ್ಚಿ ಕೊಡು" ಅಂದೆ.

"ನೀನ್ಯಾರು ಕೇಳೋಕೆ? ಸರ್ವೇಯರ್ ಹತ್ರ ನಂದಲ್ಲ ಅಂದ್ಯಂತೆ ಕದಾ? ನಿಂದಲ್ದಿದ್ದು ನಿನಗ್ಯಾಕೆ?"

"ಅದು ಕೂಗ್ತದೆ, ದಿನಾ ಕೇಳ್ತಾ ಇದೀವಿ" ಎಂದೇನೋ ತೊದಲಿದೆ.

ಅವನು ನನ್ನ ಮುಖವನ್ನೇ ನೋಡಿದ. "ಏನ್ ಕೂಗ್ತದೆ? ಅಕ್ಕಂಗೆ ಆ ಸದ್ದು ತಡೆಯೋಕಾಗಲ್ಲ ಅಂತ ಹಾಕಿಸಿದ್ ದಿನಾನೇ ಬಟ್ಟೆ ತುರುಕಿದೀನಿ. ನೋಡು."

ನೋಡಿದೆ. ನಾಲ್ಕೂ ಕೊಳವೆಗಳ ಬಾಯಿಯಲ್ಲಿ ಹಳೇ ಪಂಚೆಯ ಚೂರು ಬಿಗಿಯಾಗಿ ತುಂಬಿತ್ತು. ಹಾಲಿನ ಪಸೆ ಹಿಡಿದು, ದೂಳು ಕೂತು ಗಟ್ಟಿಯಾಗಿತ್ತು. ಬೆರಳಿಂದ ಎಳೆದೆ, ಬರಲಿಲ್ಲ. ಐದು ನಿಮಿಷದ ಹಿಂದೆ ನಾನು ಆ ಸದ್ದು ಕೇಳಿಯೇ ಓಡಿ ಬಂದಿದ್ದೆ. ಹಿಂದೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳೂ ಕೇಳಿದ್ದಳು.

ಅವತ್ತೇ ಅವರ ಮನೆಗೆ ಹೋದೆ. ತೀರಿಕೊಂಡವರ ಹೆಂಡತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ಅಮ್ಮಾ, ಸ್ಟ್ಯಾಂಡು ಮಾಡಿದ್ದು ನಾನೇ. ಅಷ್ಟು ಕೆಳಗೆ ಮಾಡಬಾರದಿತ್ತು. ಗೊತ್ತಿದ್ದೂ ಮಾಡಿದೆ" ಅಂದೆ.

ಅವರ ಕೈ ನಿಲ್ಲಲಿಲ್ಲ. "ನೀನೇ ಮಾಡಿದ್ದು ಅಂತ ನಂಗೊತ್ತಿಲ್ವೇನಪ್ಪ? ಹೊಸದ್ರಲ್ಲಿ ಮನೆ ಮುಂದೆ ನಿಲ್ಸಿ ತೋರ್ಸಿದ್ರು. ಹೇಳೋಕೆ ಇಷ್ಟು ದಿನ ಯಾಕೆ ಬೇಕಾಯ್ತು?" ಆಮೇಲೆ ತಮ್ಮನನ್ನು ಕರೆದು, "ಬಿಚ್ಚಿ ಕೊಡು" ಅಂದರು.

ಅಂಗಡಿಗೆ ತಂದು ತುಂಡು ತುಂಡಾಗಿ ಕತ್ತರಿಸಿದೆ. ಅಲ್ಲಿಂದಾಚೆಗೆ ಬೆಳಿಗ್ಗೆ ಆ ಸದ್ದು ಕೇಳಿಸಿಲ್ಲ. ಸರ್ವೇಯರಿಗೂ ಫೋನ್ ಮಾಡಿ ಮಾಡಿದ್ದು ನಾನೇ ಎಂದು ಹೇಳಿದೆ. "ಬರೆದುಕೊಟ್ರೆ ನಾಳೆ ಕೋರ್ಟಿಗೆ ಕರೀಬಹುದು, ಯೋಚ್ನೆ ಮಾಡಿ" ಅಂದರು. ಬರೆದುಕೊಟ್ಟು ಸಹಿ ಹಾಕಿದೆ. ಇನ್ನೂ ಯಾರೂ ಕರೆದಿಲ್ಲ.

ಬೈಕಿನ ಕೆಲಸ ಬಿಟ್ಟಿದ್ದೇನೆ. ಮೊನ್ನೆ ಟೇಕಲ್ ಕಡೆಯವರೊಬ್ಬರು ಬಂದು, ಪೆಟ್ರೋಲ್ ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಲು ಕಬ್ಬಿಣದ ಪುಟ್ಟ ಸೀಟು ಬೇಕೆಂದರು. ಮಾಡುವುದಿಲ್ಲ ಅಂದೆ. ಕೂರಿಸಿ ಟೀ ತರಿಸಿ, ಯಾಕೆಂದು ಪೂರ್ತಿ ಹೇಳಿದೆ. ಗಮನವಿಟ್ಟು ಕೇಳಿದರು. ಎದ್ದು ಹೊರಡುವಾಗ, ಹತ್ತಿರದಲ್ಲಿ ಬೇರೆ ವೆಲ್ಡಿಂಗ್ ಅಂಗಡಿ ಎಲ್ಲಿದೆ ಅಂತ ಕೇಳಿದರು.